ಪರದೆಯ ಮೇಲಿನ ಹೆಜ್ಜೆ

೭ ಜುಲೈ ೧೯೯೭, ಸೋಮವಾರ, ಆಳಂದ

ದೌಲತರಾಯರು ಬಂದಿದ್ದರು. ಕೃತಕ ಕಾಲು ಕೇಂದ್ರದ ಅಧ್ಯಕ್ಷರು, ಬೇಳೆ ಮಿಲ್ಲಿನ ಮಾಲೀಕರು, ಊರಿನ ಸಕಲ ಪುಣ್ಯಕಾರ್ಯಗಳ ಗುತ್ತಿಗೆದಾರರು. ನನ್ನನ್ನು ನೋಡಲು ಬರುವವರಲ್ಲಿ ಒಂದು ಬಗೆಯವರು ಕಾಲಿನ ಕಡೆ ಕಣ್ಣು ಹಾಯದಂತೆ ಹೆಣಗುತ್ತಾರೆ. ಇನ್ನೊಂದು ಬಗೆಯವರು ಸೀರೆಯ ನೆರಿಗೆಯನ್ನೇ ದಿಟ್ಟಿಸುತ್ತಾರೆ, ಎಲ್ಲಿಯವರೆಗೆ ಹೋಗಿದೆ ಎಂದು ಅಳೆಯುವವರಂತೆ. ರಾಯರು ಗೋಡೆಯ ಕ್ಯಾಲೆಂಡರ್ ನೋಡುತ್ತ ಮಾತಾಡಿದರು.

“ಪುಣೆಯ ದಾನಿಗಳು ಕಂಪ್ಯೂಟರ್ ಕೊಟ್ಟಾರ್ರಿ ಬಾಯಾರ. ರಬ್ಬರ್ ಪಾದ ಪರೀಕ್ಷಾ ಮಾಡೋ ಮಷಿನ್ನೂ ಬಂದದ. ನೀವು ಫಿಜಿಕ್ಸ್ ಕಲಿಸಿದವರು. ಖಾಲಿ ಕುಂತು ನೋಡೋ ಕೆಲಸ ಅದ.”

“ಕುಂದರಾಕ ನನಗ ಭಾಳ ಚಲೋ ಬರ್ತದಂತ ನಿಮಗ ಯಾರ್ ಹೇಳಿದ್ರಿ?” ಎಂದೆ. ಅವರು ಕೆಮ್ಮಿದರು.

ಹೋದ ವರ್ಷ ಅಂದೋಲಾದ ಮದುವೆಗೆ ಹೋಗುವಾಗ ಜೇವರ್ಗಿಯ ಆಚೆ ಜೀಪು ಉರುಳಿ ನನ್ನ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ನಮ್ಮ ಹೈಸ್ಕೂಲಿನ ವಿಜ್ಞಾನದ ಕೋಣೆ ಮಹಡಿಯ ಮೇಲಿದೆ. “ಆರಾಮ ತಗೊಳ್ರಿ” ಎಂದು ಹೆಡ್‌ಮೇಡಂ ನನ್ನನ್ನು ಮನೆಗೆ ಕಳಿಸಿದರು. ಆಕೆಯ ಕರುಣೆಗೆ ಕೊನೆಯೇ ಇಲ್ಲ, ರಜೆಗೂ ಕೊನೆಯಿಲ್ಲ. ನನ್ನ ತಮ್ಮ ಗುರಣ್ಣ ಅದೇ ಕೇಂದ್ರದಲ್ಲಿ ನನಗೊಂದು ಕಾಲು ಮಾಡಿಸಿ ತಂದ. ಅದು ಹಳೆಯ ಜಮಖಾನೆಯಲ್ಲಿ ಸುತ್ತಿಕೊಂಡು ಮಂಚದ ಕೆಳಗೆ ಮಲಗಿದೆ. ನಾನು ಬೊಂಬೆಯ ತುಂಡು ಕಟ್ಟಿಕೊಂಡು ಊರಿನವರಿಗೆ ತಮಾಷೆ ತೋರಿಸುವವಳಲ್ಲ.

ಆದರೂ ಕೆಲಸಕ್ಕೆ ಒಪ್ಪಿದೆ. ತಮ್ಮನ ಹೆಂಡತಿ ಸುಭದ್ರಾ ನಾನು ಕೂತಲ್ಲೆಲ್ಲ ಕೇಳದೆ ಬೆನ್ನಿಗೆ ದಿಂಬು ತಂದಿಡುತ್ತಾಳೆ. ಅಲ್ಲಿ ಆ ದಿಂಬು ಇರುವುದಿಲ್ಲ, ಅಷ್ಟೇ ಕಾರಣ.

೧೦ ಜುಲೈ, ಗುರುವಾರ

ಸೋಲಾಪುರದಿಂದ ಹರಿ ಎಂಬ ಎಂಜಿನಿಯರ್ ಬಂದಿದ್ದಾನೆ. ಮೀಸೆ ಇನ್ನೂ ತೀರ್ಮಾನಕ್ಕೆ ಬಂದಿಲ್ಲ, ಆದರೆ ಆತ್ಮವಿಶ್ವಾಸ ಪೂರ್ತಿ ಬೆಳೆದಿದೆ.

ಮಷಿನ್ ಎಂದರೆ ಕಬ್ಬಿಣದ ಚೌಕಟ್ಟು. ಅದರಲ್ಲಿ ಒಂದು ರಬ್ಬರ್ ಪಾದವನ್ನು ಬಿಗಿಯುತ್ತಾರೆ. ಮೋಟರು ತಿರುಗಿದಂತೆ ಒಂದು ತೋಳು ಹಿಮ್ಮಡಿಯನ್ನು ಒತ್ತುತ್ತದೆ, ಆಮೇಲೆ ಬೆರಳನ್ನು ಬಗ್ಗಿಸುತ್ತದೆ. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಎಲ್ಲಿಗೂ ಹೋಗದ ನಡಿಗೆ. ಬೆರಳು ಎಷ್ಟು ಗಟ್ಟಿಯಾಗಿ ತಿರುಗಿ ಒತ್ತುತ್ತದೆ ಎಂಬುದು ತಂತಿಯಲ್ಲಿ ಕಂಪ್ಯೂಟರಿಗೆ ಹೋಗಿ ಪರದೆಯ ಮೇಲೆ ಗೆರೆಯಾಗುತ್ತದೆ. ಲಕ್ಷ ಸಲ ತುಳಿದರೂ ಗೆರೆ ಕುಸಿಯದಿದ್ದರೆ ಹಸಿರು ದೀಪ, ಆ ಸರಬರಾಜಿನ ಪಾದಗಳನ್ನು ಹಂಚಬಹುದು. ಮಿತಿಗಿಂತ ಕೆಳಗೆ ಕುಸಿದರೆ ಕೆಂಪು ದೀಪ, ಮೋಟರು ತಾನೇ ನಿಲ್ಲುತ್ತದೆ. ದೀಪವೂ ನಿಜವಾದ ದೀಪವಲ್ಲ, ಪರದೆಯ ಮೇಲಿನ ಚಿತ್ರ.

ಪ್ರೋಗ್ರಾಂ ಎಂದರೆ ಸಾಲುಸಾಲಾಗಿ ಬರೆಯುವುದು ಎಂದು ನಾನು ಓದಿದ್ದೆ. ಇವನು ಒಂದಕ್ಷರ ಬರೆಯಲಿಲ್ಲ. ಮೌಸ್ ಹಿಡಿದು ಚಿಕ್ಕ ಚಿಕ್ಕ ಡಬ್ಬಿಗಳನ್ನು ಎಳೆದು ತಂದಿಟ್ಟ. ಒಂದರಿಂದ ಇನ್ನೊಂದಕ್ಕೆ ಬಣ್ಣದ ಗೆರೆ ಎಳೆದ. ಕಿತ್ತಳೆ ಗೆರೆಯಲ್ಲಿ ಅಂಕಿ ಹರಿಯುತ್ತದಂತೆ, ಹಸಿರು ಗೆರೆಯಲ್ಲಿ ಹೌದು ಅಥವಾ ಅಲ್ಲ ಮಾತ್ರ.

“ಇದು ಪ್ರೋಗ್ರಾಮೋ, ಅಂಗಳದ ರಂಗೋಲಿಯೋ?” ಎಂದು ಕೇಳಿದೆ.

“ಇದರಾಗ ಚಿತ್ರಾನ ಪ್ರೋಗ್ರಾಂ ಅದರಿ ಮೇಡಂ. ಗೆರಿ ತಪ್ಪಿದ್ರ ಪರದೆ ಮ್ಯಾಲಿನ ಬಾಣದ ಚಿತ್ರ ಮುರೀತದ, ಪ್ರೋಗ್ರಾಂ ಓಡಂಗಿಲ್ಲ. ನೀವ ಒಮ್ಮೆ ಜೋಡಿಸಿ ನೋಡ್ರಿ.”

ಜೋಡಿಸಿದೆ. ಬಾಣ ಮುರಿಯಿತು. ಹರಿ ನಗಲಿಲ್ಲ, ನಕ್ಕಿದ್ದರೆ ಊರುಗೋಲು ಕೈಗೆ ಹತ್ತಿರವೇ ಇತ್ತು. ಸಂಜೆಯವರೆಗೆ ಅದನ್ನೇ ಮಾಡಿದೆ. ಮಕ್ಕಳಾಟ.

೨೨ ಜುಲೈ, ಮಂಗಳವಾರ

ಹರಿ ಹೋದ. ಮಷಿನ್ನಿನ ಧಡ್ ಧಡ್ ಶಬ್ದ ಮತ್ತು ನಾನು ಇಬ್ಬರೇ. ಪಕ್ಕದ ಕೋಣೆಯಲ್ಲಿ ಕಾಲು ಮಾಡುವ ಗೌಸಮೊಹಿದ್ದೀನರು ಇದ್ದಾರೆ. ಬಾಯಲ್ಲಿ ಸದಾ ಎಲೆ ಅಡಿಕೆ, ಆದ್ದರಿಂದ ಮಾತಿನ ಕಾಟವಿಲ್ಲ. ಅವರ ಬಗ್ಗೆ ನನ್ನ ದೂರಿಲ್ಲ.

ಕಾಟ ಬೇರೆ ಕಡೆಯಿಂದ ಬಂತು. ಮಟಕಿ ಊರಿನ ಪೀರಬಿ, ಹಳ್ಳಿ ಹಳ್ಳಿ ತಿರುಗಿ ಬಳೆ ಮಾರುತ್ತಿದ್ದವಳು. ಹಾವು ಕಚ್ಚಿ, ನಂಜೇರಿ, ಅವಳದೂ ಬಲಗಾಲೇ ತೆಗೆದರು. ಕೃತಕ ಕಾಲಿನ ಮೇಲ್ಭಾಗ ತಯಾರಾಗಿದೆ, ಪಾದ ಇಲ್ಲ. ಹಳೆಯ ಸರಬರಾಜು ಮುಗಿದಿದೆ. ಹೊಸದು ಬಂತೇನು ಎಂದು ಕೇಳಲು ವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಾಳೆ, ನನ್ನ ಕೋಣೆಯ ಬಾಗಿಲಲ್ಲಿ ಕೂರುತ್ತಾಳೆ. ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ನಾಲಿಗೆಗೆ ವಯಸ್ಸಾಗಿಲ್ಲ.

“ಟೀಚರಬಾಯಿ, ಟಿವಿಯಾಗ ಬರೇ ಗೆರಿ ಬರಾಕತ್ತದಲ್ಲ, ಪಿಚ್ಚರ್ ಯಾವಾಗ ಬರ್ತದ?”

“ಇದು ಟಿವಿ ಅಲ್ಲ.”

“ಗೊತ್ತದರಿ. ನಿಮ್ಮ ಮಾರಿ ನೋಡಿದ್ರ ಗೊತ್ತಾಗ್ತದ, ಟಿವಿ ನೋಡೋರ ಮಾರಿ ಹಿಂಗ ಇರಂಗಿಲ್ಲ.” ಆಮೇಲೆ ನನ್ನ ಊರುಗೋಲು ನೋಡಿ, “ಗೌಸಭಾಯಿ ಹೇಳಾಕತ್ತಿದ್ರು, ನಿಮ್ಮ ಕಾಲು ಮಂಚದ ಬುಡಕ ಅದಂತ. ಅಲ್ಲಿ ಅದು ಯಾರ ಕೆಲಸಕ್ಕ ಹೋಗ್ತದ?”

ಗೌಸಮೊಹಿದ್ದೀನರ ಬಗ್ಗೆ ಮೇಲೆ ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ.

೨೩ ಜುಲೈ, ಬುಧವಾರ

ಕರೆಂಟ್ ಇಲ್ಲ. ದಿನವಿಡೀ ದಿಂಬು.

೫ ಆಗಸ್ಟ್, ಮಂಗಳವಾರ

ಪರೀಕ್ಷೆಗೆಂದು ಉಳಿಸಿದ್ದ ಹಳೆಯ ಪಾದವೊಂದನ್ನು ಮಷಿನ್ನಿಗೆ ಹಾಕಿದ್ದೇನೆ. ಕೆಂಪು ದೀಪ ಸುಮ್ಮಸುಮ್ಮನೆ ಹತ್ತುತ್ತದೆ. ಪಾದ ಬಿಚ್ಚಿ ನೋಡಿದರೆ ಏನೂ ಆಗಿಲ್ಲ. ದೌಲತರಾಯರು ದೇವರ ಪಟ ತಂದು ಕಂಪ್ಯೂಟರಿನ ಮೇಲೆ ಇಡಿಸಿದರು. ದೀಪ ಮತ್ತೆ ಹತ್ತಿತು.

ಇವತ್ತು ಗೊತ್ತಾಯಿತು. ಪಕ್ಕದ ಹಿಟ್ಟಿನ ಗಿರಣಿ ಶುರುವಾದಾಗಲೆಲ್ಲ ಗೆರೆ ಒಮ್ಮೆ ಕೆಳಗೆ ಹಾರುತ್ತದೆ. ಎಲ್ಲರ ಮನೆಯ ಜೋಳ ನನ್ನ ಗ್ರಾಫಿನಲ್ಲಿ ಬೀಸುತ್ತಿದೆ! ಹರಿ ಒಂದೇ ಹೆಜ್ಜೆಯ ಅಂಕಿಯನ್ನು ಮಿತಿಗೆ ಹೋಲಿಸಿ ದೀಪಕ್ಕೆ ಗೆರೆ ಎಳೆದು ಹೋಗಿದ್ದ. ಅವಸರದ ಕೆಲಸ. ನಾನು ನಡುವೆ ಒಂದು ಡಬ್ಬಿ ತಂದಿಟ್ಟು, ಹಿಂದಿನ ಹತ್ತಾರು ಹೆಜ್ಜೆಗಳ ಸರಾಸರಿ ತೆಗೆದು ಹೋಲಿಸುವಂತೆ ಮಾಡಿದೆ. ಬಾಣ ಮೂರು ಸಲ ಮುರಿಯಿತು, ನಾಲ್ಕನೆಯ ಸಲ ಓಡಿತು. ಗಿರಣಿ ಶುರುವಾಯಿತು. ಹಸಿರು. ಇನ್ನೊಮ್ಮೆ ಶುರುವಾಗಲಿ ಎಂದು ಕಾದೆ. ಹಸಿರೇ.

ಸೋಲಾಪುರಕ್ಕೆ ಫೋನ್ ಮಾಡಿಸಿ ಹರಿಗೆ ಹೇಳಿದೆ. ಅವನ ತಪ್ಪು ಅವನಿಗೆ ತಿಳಿಯಬೇಕು, ಅದಕ್ಕೆ. “ವಾ ಮೇಡಂ!” ಎಂದ. ಹೊಗಳಿಕೆ ಬೇಕಾಗಿ ಯಾರೂ ಫೋನ್ ಮಾಡಿರಲಿಲ್ಲ.

೧೪ ಆಗಸ್ಟ್, ಗುರುವಾರ

ಒಂದು ವಿಷಯ ಕೊರೆಯುತ್ತಿತ್ತು. ಮಷಿನ್ ಒತ್ತುವಷ್ಟು ಬಲವಾಗಿ ಮನುಷ್ಯ ನಿಜವಾಗಿ ಒತ್ತುತ್ತಾನೆಯೇ? ಹರಿಯನ್ನು ಕೇಳಿದರೆ ಪುಸ್ತಕದಲ್ಲಿ ಇತ್ತು ಎನ್ನುತ್ತಾನೆ. ಅದು ಕಾರ್ಪೆಟ್ ಮೇಲೆ ಬೂಟು ಹಾಕಿ ನಡೆಯುವವರ ಪುಸ್ತಕ. ಬಳೆಯ ಬುಟ್ಟಿ ಹೊತ್ತು ಮಟಕಿಯ ಕರಿಮಣ್ಣಿನಲ್ಲಿ ನಡೆಯುವವರನ್ನು ಅದನ್ನು ಬರೆದವನು ಕಂಡಿರಲಾರ.

ಭಾರ ಅಳೆಯುವ ಸಾಧನವನ್ನು ಗೌಸಮೊಹಿದ್ದೀನರ ಕೈಯಲ್ಲಿ ಬಿಚ್ಚಿಸಿ, ಒಂದು ಹಲಗೆಯ ಕೆಳಗೆ ಕೂರಿಸಿ, ನೆಲಕ್ಕೆ ಹಾಕಿಸಿದೆ. ಇನ್ನು ಅದರ ಮೇಲೆ ರಬ್ಬರ್ ಪಾದದವರು ಯಾರಾದರೂ ಹೆಜ್ಜೆ ಇಡಬೇಕು. ಕಾಲು ಪಡೆದವರೆಲ್ಲ ದೂರ ದೂರದ ಊರಿನವರು. ಪೀರಬಿಗೆ ಪಾದವೇ ಇಲ್ಲ.

ಆದ್ದರಿಂದ ಸುಭದ್ರಾಳ ಕೈಯಲ್ಲಿ ಮಂಚದ ಕೆಳಗಿನ ವಸ್ತುವನ್ನು ತರಿಸಿದೆ. ಪ್ರಯೋಗಕ್ಕೆ ಮಾತ್ರ. ಅವಳು ಅದನ್ನು ಸೆರಗಿನಲ್ಲಿ ಒರೆಸಿ ಕೊಟ್ಟು ಅಳತೊಡಗಿದಳು. ಹೊರಗೆ ಕಳಿಸಿದೆ.

ಕಟ್ಟಿಕೊಂಡು ನಿಂತಾಗ ಜೀವ ಹೋಯಿತು. ಗೌಸಮೊಹಿದ್ದೀನರು ಒಳಗೆ ಹತ್ತಿ ಇಟ್ಟು ಸರಿಮಾಡಿದರು. ಅವರ ಹೆಗಲು ಹಿಡಿದು ಹಲಗೆಯ ಮೇಲೆ ಒಂದು ಹೆಜ್ಜೆ. ಪರದೆ ನೋಡಿ ನಗು ಬಂತು. ಸರಿಯಾದ ಹೆಜ್ಜೆಗೆ ಎರಡು ಗುಡ್ಡ ಬರಬೇಕು, ಮೊದಲು ಹಿಮ್ಮಡಿಯದು, ಆಮೇಲೆ ಬೆರಳಿನದು. ನನ್ನದರಲ್ಲಿ ಹಿಮ್ಮಡಿಯ ಕಡೆ ಮುರುಕು ದಿಬ್ಬ, ಬೆರಳಿನ ಕಡೆ ಬಟ್ಟಬಯಲು. ಹತ್ತನೆಯ ಇಯತ್ತೆಯ ಹುಡುಗಿ ಇಂಥ ಗ್ರಾಫ್ ಬರೆದಿದ್ದರೆ ವಹಿ ಎಸೆಯುತ್ತಿದ್ದೆ.

ಇಂಥ ಅಂಕಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ನಾಳೆ ಇನ್ನೊಮ್ಮೆ ತೆಗೆಯಬೇಕು.

೩೦ ಆಗಸ್ಟ್, ಶನಿವಾರ

ಎರಡನೆಯ ಗುಡ್ಡ ಬಂತು! ಚಿಕ್ಕದು, ಹುತ್ತದಷ್ಟು. ಆದರೆ ಬಂತು. ಬೆರಳಿನ ಮೇಲೆ ಭಾರ ಹಾಕಲು ಹೆದರುವುದೇ ತಪ್ಪು. ಹೆದರಿದ್ದು ಗೆರೆಯಲ್ಲಿ ಕಾಣುತ್ತದೆ. ಒಂದೇ ಹೆಜ್ಜೆ ಸಾಲದು, ಓಟ ಹಿಡಿದ ನಡಿಗೆ ಬೇಕು ಎಂದು ಪಡಸಾಲೆಯ ಆ ತುದಿಯಿಂದ ಬಂದು ಹಲಗೆ ತುಳಿದು ಹೋಗುವುದು, ತಿರುಗಿ ಬರುವುದು. ಪೀರಬಿ ಬಾಗಿಲಲ್ಲಿ ಕೂತು ಪರದೆ ನೋಡಿ ಕೂಗುತ್ತಾಳೆ: “ಹಿಂದಿನ ಗುಡ್ಡ ಬರೋಬರಿ ಅದ. ಮುಂದಿನದು ಸೊಟ್ಟ! ಮತ್ತ ಬರ್ರಿ!” ಅವಳನ್ನು ನೇಮಿಸಿದವರು ಯಾರೋ ತಿಳಿಯದು.

ಮಳೆ ಬಂತು. ಎದ್ದು ಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿ ಬಂದೆ. ಈ ಕೇಂದ್ರದಲ್ಲಿ ಕಂಪ್ಯೂಟರಿನ ಚಿಂತೆ ಇನ್ನಾರಿಗೂ ಇಲ್ಲ.

ಅಂದಹಾಗೆ ಹರಿಯ ಪುಸ್ತಕ ಅಷ್ಟೇನೂ ತಪ್ಪಿರಲಿಲ್ಲ. ಅವನಿಗೆ ಹೇಳುವ ಅಗತ್ಯವಿಲ್ಲ.

೧೬ ಸೆಪ್ಟೆಂಬರ್, ಮಂಗಳವಾರ

ಹೊಸ ಪಾದಗಳು ಬಂದಿವೆ. ಹಳೆಯ ಕಾರ್ಖಾನೆ ತಡ ಮಾಡುತ್ತದೆಂದು ರಾಯರು ಬೇರೆ ಯಾರಿಂದಲೋ ತರಿಸಿದ್ದಾರೆ. ಅಕ್ಟೋಬರ್ ಎರಡಕ್ಕೆ ಅಫಜಲಪುರದಲ್ಲಿ ಸಮಾರಂಭ, ಮಂತ್ರಿಗಳ ಕೈಯಿಂದ ವಿತರಣೆ. ಪಾದ ನೋಡಲು ಬಹಳ ಚೆಂದ. ಉಗುರು ಕೂಡ ಕೆತ್ತಿದ್ದಾರೆ. ಉಗುರು ಕೆತ್ತುವವರ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಇಲ್ಲ.

೨೦ ಸೆಪ್ಟೆಂಬರ್, ಶನಿವಾರ

ಭಾರ ಅಳೆಯುವ ಸಾಧನವನ್ನು ಹಲಗೆಯಿಂದ ಮಷಿನ್ನಿಗೆ ಮರಳಿಸಿ ಹೊಸ ಪಾದಗಳನ್ನು ಹಾಕತೊಡಗಿದೆ. ಮೊದಲನೆಯದು ಅರ್ಧ ದಾರಿಯೂ ಹೋಗಲಿಲ್ಲ. ಕೆಂಪು. ಎರಡನೆಯದು ಹಾಕಿದೆ. ಗೆರೆ ಮೆಲ್ಲಗೆ ಇಳಿಯುತ್ತಲೇ ಇತ್ತು, ಗಿರಣಿಯದಲ್ಲ, ಪಾದದ್ದೇ. ಕೆಂಪು. ಬಗ್ಗಿಸಿ ನೋಡಿದರೆ ಬೆರಳಿನ ಬುಡದಲ್ಲಿ ಬಿರುಕು ಬಾಯಿಯ ಹಾಗೆ ತೆರೆಯಿತು.

೨೪ ಸೆಪ್ಟೆಂಬರ್, ಬುಧವಾರ

ದೌಲತರಾಯರು ಕುರ್ಚಿ ಎಳೆದುಕೊಂಡು ಕೂತರು. ಇವತ್ತು ಕ್ಯಾಲೆಂಡರ್ ನೋಡಲಿಲ್ಲ.

“ಮಿತಿ ಅಂತೀರಲ್ರಿ, ಅದು ಒಂದು ಅಂಕಿ ಅಷ್ಟೇ ಅಲ್ಲೇನು? ನೀವ ಜೋಡಿಸಿದ ಪ್ರೋಗ್ರಾಂ. ಸ್ವಲ್ಪ ಕೆಳಗ ಇಳಸ್ರಿ. ಹಸಿರು ಬರ್ತದ.”

“ಹಸಿರು ಬರ್ತದ. ಪಾದ ಗಟ್ಟಿ ಆಗಂಗಿಲ್ಲ.”

“ಬಾಯಾರ, ನಾ ಏನು ಕಳ್ಳ ಅಲ್ಲ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನಿಂದ ಮಂದಿ ಬರಾಕತ್ತಾರ. ತೆವಳಿಕೊಂಡು ಇರೋರು ಅದಾರ. ಅವರಿಗೆ ಆರು ತಿಂಗಳು ಬಾಳೋ ಕಾಲರೆ ಸಿಗಲಿ. ಇಲ್ಲಂದ್ರ ಮುಂದಿನ ಸರಬರಾಜು ಬರೋತನಕ ಅದೂ ಇಲ್ಲ.”

ಮನುಷ್ಯ ಮೂರ್ಖನಾಗಿದ್ದರೆ ಬೈಯಲು ಎಷ್ಟು ಅನುಕೂಲವಿತ್ತು.

ಪೀರಬಿಗೆ ಹೇಳಿದರೆ ಅವಳೂ ಅದೇ ರಾಗ. “ಮುರಿಯೋತನಕ ನಡೀತೇನಿ. ಮುರಿದ್ರ ಮತ್ತ ಬರ್ತೇನಿ. ನಿಮ್ಮ ಕೆಂಪು ದೀಪ ನನ್ನ ಒಲಿ ಹಚ್ಚಂಗಿಲ್ಲ, ಟೀಚರಬಾಯಿ.”

“ಹೊಲದ ನಡುವ ಬುಟ್ಟಿ ಹೊತ್ತಾಗ ಮುರದ್ರ?”

ಅವಳು ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದಳು.

ಅವಳು ಹೋದ ಮೇಲೆ ಮಿತಿಯ ಅಂಕಿ ಅಳಿಸಿ ಚಿಕ್ಕದೊಂದು ಹಾಕಿದೆ. ಬಾಣ ಮುರಿಯಲಿಲ್ಲ. ಸುಳ್ಳು ಅಂಕಿಗೆ ಬಾಣ ಮುರಿಯುವುದಿಲ್ಲ, ತಪ್ಪು ಗೆರೆಗೆ ಮಾತ್ರ. ಬಿರುಕು ಬಿಟ್ಟ ಅದೇ ಪಾದ ಮಷಿನ್ನಿನಲ್ಲಿ ಬಾಯಿ ತೆರೆದು ಮುಚ್ಚುತ್ತಿತ್ತು, ಪರದೆಯ ಮೇಲೆ ಹಸಿರು ತಣ್ಣಗೆ ಉರಿಯುತ್ತಿತ್ತು. ಮೋಟರು ನಿಲ್ಲಿಸಿದೆ. ಹಳೆಯ ಅಂಕಿ ಮತ್ತೆ ಹಾಕಿದೆ.

೨೬ ಸೆಪ್ಟೆಂಬರ್, ಶುಕ್ರವಾರ

ರಾಯರಿಗೆ ಹೇಳಿದೆ: ಮಿತಿ ಇಳಿಸುವುದಿಲ್ಲ, ಹಂಚುವುದಕ್ಕೆ ಅಡ್ಡಿಯೂ ಬರುವುದಿಲ್ಲ. ಆದರೆ ಮಷಿನ್ ಅಫಜಲಪುರಕ್ಕೆ ಬರಬೇಕು. ಪಾದ ತೆಗೆದುಕೊಳ್ಳುವವರಿಗೆಲ್ಲ ಗೆರೆ ತೋರಿಸಿ, ಎಷ್ಟು ಬಾಳುತ್ತದೆ ಎಂದು ಹೇಳುತ್ತೇನೆ. ಬೇಕಾದವರು ಒಯ್ಯಲಿ, ಬೇಡದವರು ಕಾಯಲಿ.

“ಹಳ್ಳಿ ಮಂದಿಗೆ ಗ್ರಾಫ್ ಏನ್ ತಿಳೀತದರಿ?”

“ಯಾಕ ತಿಳಿಯಂಗಿಲ್ಲ? ಪೀರಬಿಗೆ ತಿಳೀತದ. ನಿಮಗೂ ತಿಳದದ, ಅದಕ್ಕ ಇಳಸ್ರಿ ಅನ್ನಾಕತ್ತೀರಿ.”

ಪುಣೆಯ ದಾನಿಗಳಿಗೆ ಅವತ್ತು ಕಂಪ್ಯೂಟರ್ ಓಡುವುದನ್ನು ತೋರಿಸಲೇಬೇಕು, ಓಡಿಸಲು ನನ್ನ ಹೊರತು ಯಾರೂ ಇಲ್ಲ. ರಾಯರು ಕುರ್ಚಿಯಿಂದ ಎದ್ದು, “ಆಯ್ತು ಬಿಡ್ರಿ” ಎಂದರು. ಹೋಗುವಾಗ ಬಾಗಿಲನ್ನು ಜೋರಾಗಿ ಎಳೆದುಕೊಂಡರು. ಪಾಪ, ಅಷ್ಟಾದರೂ ಮಾಡಲಿ.

೩ ಅಕ್ಟೋಬರ್, ಶುಕ್ರವಾರ

ನಿನ್ನೆ ಬರೆಯಲಾಗಲಿಲ್ಲ.

ಕಂಪ್ಯೂಟರಿನ ಪರದೆಯನ್ನು ಮಡಿಲಲ್ಲಿಟ್ಟುಕೊಂಡು ಜೀಪಿನಲ್ಲಿ ಹೋದೆ. ಡ್ರೈವರ್ ಹುಷಾರಾಗಿ ಹೋಗುತ್ತೇನೆ ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಹೀಗೆ ಹೋದರೆ ದೀಪಾವಳಿಗೆ ಮುಟ್ಟುತ್ತೇವೆ, ಜೋರಾಗಿ ಬಿಡಪ್ಪ ಎಂದೆ.

ಮಂತ್ರಿಗಳು ತಡವಾಗಿ ಬಂದು ಬೇಗ ಹೋದರು. ಕಂಪ್ಯೂಟರ್ ಮುಂದೆ ಫೋಟೋಕ್ಕೆ ನಿಂತು ಅದು ಬಣ್ಣದ್ದೋ ಎಂದು ಕೇಳಿದರು. ಬಣ್ಣದ ಗೆರೆಗಳು ಕಣ್ಣೆದುರಿಗೇ ಇದ್ದವು. ದಾನಿಗಳೂ ಅವರ ಹಿಂದೆಯೇ ಊಟಕ್ಕೆ ಎದ್ದರು.

ಆಮೇಲೆ ನಿಜವಾದ ಸಭೆ. ನಾನೇ ಹಲಗೆಯ ಮೇಲೆ ನಡೆದು ಎರಡು ಗುಡ್ಡ ತೋರಿಸಿದೆ. ಹಳೆಯ ಪಾದದ ಗೆರೆ, ಹೊಸ ಪಾದದ ಗೆರೆ ಒಂದರ ಪಕ್ಕ ಒಂದು ಇಟ್ಟೆ. ಬಿರುಕು ಬಿಟ್ಟ ಪಾದವನ್ನು ಕೈಯಿಂದ ಕೈಗೆ ಕೊಟ್ಟೆ. “ಹೆಚ್ಚು ನಡೆಯೋರಿಗೆ ಇದು ಭಾಳ ದಿನ ಬರಂಗಿಲ್ಲ. ಮನ್ಯಾಗ ಕುಂದರೋರಿಗೆ ಒಂದು ವರ್ಷ ಬಂದೀತು” ಎಂದೆ. ಗದ್ದಲವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಪಾದವನ್ನು ಬಗ್ಗಿಸಿ, ಮೂಸಿ, ಪೇಟೆಯಲ್ಲಿ ಮಾಲು ನೋಡುವ ಹಾಗೆ ನೋಡಿದರು.

ಜೇವರ್ಗಿಯ ದೇವೀಂದ್ರಪ್ಪ ಎಂಬ ದರ್ಜಿ ಮುಂದೆ ಬಂದ. “ಹೊಲಿಗಿ ಮಷಿನ್ ತುಳದ್ರ ಇದರಾಗ ಹ್ಯಾಂಗ ಕಾಣ್ತದರಿ?” ಕುರ್ಚಿಯಲ್ಲಿ ಕೂರಿಸಿ, ಇದ್ದ ಕಾಲಿನಿಂದ ಹಲಗೆ ತುಳಿಸಿದೆ. ಬರೀ ಬೆರಳಿನ ಗುಡ್ಡ, ಒಂದರ ಹಿಂದೆ ಒಂದು. ಅವನು ಪರದೆಯನ್ನೂ ಬಿರುಕನ್ನೂ ನೋಡಿ, “ಹಂಗಾರ ನಾ ಕಾಯ್ತೇನ್ರಿ” ಎಂದ. ನಿಂಬೆವ್ವ ಎಂಬ ಮುದುಕಿ, “ನನಗ ಹಿತ್ತಲಕ್ಕ ಹೋಗಿ ಬರೋದಿಷ್ಟ. ಕೊಡ್ರಿ” ಎಂದು ಸಂತೋಷವಾಗಿ ಇಸಿದುಕೊಂಡಳು. ಸುಮಾರು ಅರ್ಧ ಮಂದಿ ತೆಗೆದುಕೊಂಡರು, ಅರ್ಧ ಮಂದಿ ಕಾಯುತ್ತೇವೆಂದರು. ದೌಲತರಾಯರು ಪಕ್ಕದಲ್ಲಿ ನಿಂತು ಕಾಯುವವರ ಹೆಸರು ತಾವೇ ಬರೆದುಕೊಂಡರು. ಅಕ್ಷರ ಕೋಳಿ ಕೆದರಿದಂತಿದೆ.

ಪೀರಬಿ ಕಾಯುವವಳಲ್ಲ, ಒಂದು ಹೊಸ ಪಾದ ಬಗಲಲ್ಲಿ ಹಿಡಿದು ಹೊರಟೇ ಬಿಟ್ಟಳು. ಮೂರು ತಾಲೂಕಿನಲ್ಲಿ ಹೆಚ್ಚು ನಡೆಯುವವಳು ಅವಳೇ. ಸಿಟ್ಟು ಬಂತು. ಗೌಸಮೊಹಿದ್ದೀನರನ್ನು ಕರೆದು, ನನ್ನ ಕಾಲಿನ ಪಾದದ ಬೋಲ್ಟ್ ಬಿಚ್ಚಿ ಅವಳಿಗೆ ಹಾಕಿ, ಅವಳ ಹೊಸದನ್ನು ನನಗೆ ಹಾಕಿ ಎಂದೆ. ಅಳತೆ ಹೆಚ್ಚುಕಡಿಮೆ ಒಂದೇ.

“ನೀವು ಹಾಕಿ ಬಿಟ್ಟ ಉತರನ್ ನಾ ಹಾಕ್ಕೋಬೇಕೇನು?” ಎಂದು ಪೀರಬಿ ಕಣ್ಣು ಕೆಂಪು ಮಾಡಿದಳು.

“ಉತರನ್ ಅಲ್ಲ, ಪರೀಕ್ಷಾ ಆದ ಮಾಲು. ನಾ ಕುಂದರೋಳು, ನನಗ ಈ ಉಗುರಿನ ಪಾದ ಸಾಕು. ಬಾಯಿ ಮುಚ್ಚಿ ಕಾಲು ಚಾಚು.”

ಚಾಚಿದಳು. ಬೋಲ್ಟ್ ಬಿಗಿಯುವಷ್ಟು ಹೊತ್ತೂ ಬೇರೆ ಕಡೆ ಮುಖ ಮಾಡಿ ಕೂತಿದ್ದಳು. ಎದ್ದು ನಿಂತ ಮೇಲೆ ನನ್ನ ಕೈ ಹಿಡಿದು, ಬುಟ್ಟಿಯಿಂದ ಹಸಿರು ಬಳೆ ತೆಗೆದು ತೊಡಿಸಿದಳು. ಒಂದು ಬಳೆ ಬಿಗಿ. ಅವಳ ಅಂದಾಜೂ ಅಷ್ಟಕ್ಕಷ್ಟೇ.

೧೧ ನವೆಂಬರ್, ಮಂಗಳವಾರ

ಬರೆಯಲು ಪುರುಸೊತ್ತಿಲ್ಲ. ಬೆಳಿಗ್ಗೆ ಮತ್ತೆ ಶಾಲೆ, ಮಧ್ಯಾಹ್ನ ಕೇಂದ್ರ. ಮಹಡಿಯ ವಿಜ್ಞಾನದ ಕೋಣೆಯಲ್ಲಿ ಜೇಡರ ಬಲೆ ಕಟ್ಟಿತ್ತು. ಒಂದು ವರ್ಷದಲ್ಲಿ ಒಬ್ಬರೂ ಕಸ ಹೊಡೆದಿಲ್ಲ. ಉಪಕರಣ ತರಲೆಂದು ದಿನಕ್ಕೆ ಎಷ್ಟು ಸಲ ಮೇಲೆ ಕೆಳಗೆ ಓಡಾಡಬೇಕೋ. ಹೆಡ್‌ಮೇಡಂ ಮೆಟ್ಟಿಲ ಬುಡದಲ್ಲಿ ನಿಂತು ಬಾಯಿ ಬಿಟ್ಟು ನೋಡುತ್ತಾರೆ. ನೋಡುವ ಬದಲು ಒಂದು ಪೆಟ್ಟಿಗೆ ಎತ್ತಿಕೊಡಬಹುದಿತ್ತು.

೩೦ ನವೆಂಬರ್, ಭಾನುವಾರ

ಪೀರಬಿಯ ಪಾದ ಹೇಗಿದೆ ಎಂದು ಪರೀಕ್ಷಿಸಲು ಮಟಕಿಗೆ ಹೋಗಿದ್ದೆ. ಅವಳು ಹೊಲದಾಚೆಯ ಓಣಿಯಲ್ಲಿ ಬಳೆ ಮಾರುತ್ತಿದ್ದಾಳೆ ಎಂದರು. ಅಲ್ಲಿಗೆ ಹೋದೆ. ಅಲ್ಲಿಂದ ಇನ್ನೊಂದು ಓಣಿಗೆ ಹೋಗಿದ್ದಾಳೆ ಎಂದರು. ಅಲ್ಲಿಗೂ ಹೋದೆ. ಅವಳು ಎದುರಿಗೆ ಕಂಡಾಗಲೇ ನನ್ನ ಪಾದದಲ್ಲಿ ಟಪ್ ಎಂದಿತು. ಅವಳ ಹೆಗಲು ಹಿಡಿದು ಕಟ್ಟೆಯ ಮೇಲೆ ಕೂತು ಬಿಚ್ಚಿ ನೋಡಿದೆವು. ಬೆರಳಿನ ಬುಡದಲ್ಲಿ ಆ ಕಡೆಯಿಂದ ಈ ಕಡೆಗೆ ಬಿರುಕು. ಅವಳದು ಹೊಚ್ಚ ಹೊಸದರಂತಿದೆ.

ಎರಡು ತಿಂಗಳೂ ತುಂಬಿಲ್ಲ. ಕೂರುವವರಿಗೆ ಒಂದು ವರ್ಷ ಬರುತ್ತದೆ ಎಂದು ಅಷ್ಟು ಜನರ ಮುಂದೆ ಹೇಳಿದ್ದೆ. ಆ ಕಾರ್ಖಾನೆಯವರನ್ನು, ರಬ್ಬರನ್ನು, ಅದರ ಉಗುರುಗಳನ್ನು ಬಾಯಿಗೆ ಬಂದಂತೆ ಬೈದೆ.

ಪೀರಬಿ ಬುಟ್ಟಿ ಕೆಳಗಿಟ್ಟು, ಸೆರಗು ಬಾಯಿಗೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಕುಂದರೋರ ಕಾಲು ಇಷ್ಟು ಜಲ್ದಿ ಹ್ಯಾಂಗ ಮುರೀತ್ರಿ, ಟೀಚರಬಾಯಿ?”

ಅದೇ ನನಗೂ ತಿಳಿಯುತ್ತಿಲ್ಲ. ನಾಳೆ ಲೆಕ್ಕವನ್ನು ಮೊದಲಿನಿಂದ ನೋಡಬೇಕು. ಎಲ್ಲೋ ತಪ್ಪಿದೆ.